ಪಹಣಿ ಆನ್‌ಲೈನ್ ಆಗಿ ಇಷ್ಟು ವರ್ಷ ಆಯ್ತು, ಜೆರಾಕ್ಸ್ ಕಟ್ಟು ಮಾತ್ರ ಯಾಕೆ ಸಣ್ಣ ಆಗ್ಲಿಲ್ಲ?

ಕಾಪು_ಕಡಲು

ಎಲ್ಲರಿಗೂ ನಮಸ್ಕಾರ. ಉಡುಪಿ ಜಿಲ್ಲೆಯ ಒಂದು ತಾಲೂಕು ಕಚೇರಿ ಹತ್ರ ನಂದು ಜೆರಾಕ್ಸ್ ಮತ್ತೆ ಆನ್‌ಲೈನ್ ಅರ್ಜಿ ಹಾಕುವ ಅಂಗಡಿ ಉಂಟು. ಎಲ್ಲಾ ಡಿಜಿಟಲ್ ಆದ್ಮೇಲೆ ಜನ ಕಾಗದ ಹಿಡ್ಕೊಂಡು ತಿರುಗುದು ಕಮ್ಮಿ ಆಗ್ಬೇಕಿತ್ತು, ಆಗ್ಲಿಲ್ಲ, ಅದು ನನಗೆ ದಿನಾ ಕಣ್ಣೆದುರೇ ಕಾಣ್ತದೆ. ಮೊದಲು ಒಂದು ಕಚೇರಿಗೆ ಒಂದು ಸೆಟ್ ಕೊಟ್ರೆ ಮುಗೀತಿತ್ತು. ಈಗ ಸರ್ಕಾರದ ಒಂದು ವೆಬ್‌ಸೈಟಿಂದ ಪ್ರಿಂಟ್ ತೆಗಿಬೇಕು, ಅದನ್ನೇ ಸ್ಕ್ಯಾನ್ ಮಾಡಿ ಸರ್ಕಾರದ್ದೇ ಇನ್ನೊಂದು ವೆಬ್‌ಸೈಟಿಗೆ ಅಪ್‌ಲೋಡ್ ಮಾಡ್ಬೇಕು, ಕೊನೆಗೆ ಅದೇ ಪ್ರಿಂಟಿಗೆ ಸೈನ್ ಹಾಕಿ ಕಚೇರಿಗೂ ಹೋಗಿ ಕೊಡ್ಬೇಕು, ಯಾಕಂದ್ರೆ ಫೈಲಿಗೆ ಹಾರ್ಡ್ ಕಾಪಿ ಬೇಕಂತೆ.

ಇ-ಖಾತಾದ್ದೇ ನೋಡಿ. 2024ರ ಅಕ್ಟೋಬರಿಂದ ಇಡೀ ರಾಜ್ಯದಲ್ಲಿ ಇ-ಖಾತಾ, ಅಂದ್ರೆ ಆಸ್ತಿ ಯಾರ ಹೆಸರಲ್ಲಿ ಉಂಟು ಅಂತ ತೋರಿಸುವ ಆನ್‌ಲೈನ್ ದಾಖಲೆ, ಇಲ್ಲದೆ ಸೈಟು ಮನೆ ರಿಜಿಸ್ಟ್ರೇಷನ್ ಆಗುದಿಲ್ಲ. ಉದ್ದೇಶ ಒಳ್ಳೆದು, ನಕಲಿ ಖಾತಾ ತೋರಿಸಿ ಒಂದೇ ಜಾಗ ಇಬ್ರಿಗೆ ಮಾರುದು ನಿಲ್ಲಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಮೊನ್ನೆ ಒಬ್ರು ಹಿರಿಯರು ಅವರ ಹಳೆ ಕ್ರಯಪತ್ರ ತಂದಿದ್ರು. ಪ್ಲಾಸ್ಟಿಕ್ ತೊಟ್ಟೆಯೊಳಗೆ ನಾಲ್ಕು ಮಡಿಕೆ ಮಾಡಿ ಇಟ್ಟ ಛಾಪಾ ಕಾಗದ, ಮಡಿಕೆ ಬಿದ್ದಲ್ಲೆಲ್ಲ ಅಕ್ಷರ ಉದುರಿ ಹೋಗಿದೆ, ಸರಿಯಾಗಿ ಚೆಕ್ಕುಬಂದಿ (ಜಾಗದ ನಾಲ್ಕು ಗಡಿ) ಬರ್ದ ಸಾಲಿನ ಮೇಲೆಯೇ ಸಬ್ ರಿಜಿಸ್ಟ್ರಾರ್ ಸೀಲು ಹರಡಿದೆ. ಅದನ್ನ ಸ್ಕ್ಯಾನ್ ಮಾಡಿದ್ರೆ ಫೈಲ್ ದೊಡ್ಡದಾಯ್ತು ಅಂತ ಪೋರ್ಟಲ್ ತಗೊಳ್ಳುದಿಲ್ಲ, ಸೈಜ್ ಇಳಿಸಿದ್ರೆ ಓದ್ಲಿಕ್ಕೆ ಆಗುದಿಲ್ಲ. ಸ್ವಲ್ಪ ದಿನ ಬಿಟ್ಟು ಕಚೇರಿಯ ಲಿಖಿತ ಉತ್ತರ, ಹಿಂಬರಹ ಬಂತು, "ದಾಖಲೆ ಸ್ಪಷ್ಟವಾಗಿಲ್ಲ" ಅಂತ. ಅದೇ ಪತ್ರದ ನಕಲು ನೋಂದಣಿ ಕಚೇರಿಯ ಪುಸ್ತಕದಲ್ಲಿ ಉಂಟು, ಅದೂ ಸರ್ಕಾರದ್ದೇ ಪುಸ್ತಕ. 2004 ಏಪ್ರಿಲ್ 1ರ ನಂತರದ ಋಣಭಾರ ಪತ್ರ (ಜಾಗದ ಮೇಲೆ ಆದ ಮಾರಾಟ, ಸಾಲದ ವಿವರ) ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ಮನೆಯಲ್ಲೇ ಕೂತು ತೆಗಿಬಹುದು, ಅದಕ್ಕಿಂತ ಹಿಂದಿನದ್ದು ಬೇಕಾದ್ರೆ ಕಚೇರಿಯಲ್ಲಿ ಕೈಯಲ್ಲಿ ಹುಡುಕ್ಬೇಕು. ನಮ್ಮ ಕಡೆ ಹೆಚ್ಚಿನ ಮನೆ ಜಾಗ ಅದಕ್ಕಿಂತ ಹಿಂದಿನದ್ದೇ ಅಲ್ವಾ.

ನನ್ನ ಮಾತು ಇಷ್ಟೇ. ಸರ್ಕಾರದ ಹತ್ರ ಆಗ್ಲೇ ಇರುವ ದಾಖಲೆಯನ್ನ ಜನರತ್ರ ಕೇಳ್ಬಾರ್ದು. ಮತ್ತೆ ಕಂಪ್ಯೂಟರಿಗೆ ಏರಿಸುವಾಗ ಆದ ತಪ್ಪನ್ನ ಏರಿಸಿದವರೇ ಸರಿ ಮಾಡಿ ಕೊಡ್ಬೇಕು, ಅದಕ್ಕೆ ನಾವು ಅರ್ಜಿ ಹಾಕಿ ಶುಲ್ಕ ಕಟ್ಟಿ ಕಾಯುವ ಹಾಗಿರ್ಬಾರ್ದು. ನಿಮ್ಮ ಅನುಭವ ಎಂತ, ಬರೀರಿ.

ದುಬೈ_ಕುಡ್ಲ

ಒಂದು ಒಳ್ಳೆ ಮಾತು ಮೊದಲು ಹೇಳ್ತೇನೆ, ಇಲ್ಲದಿದ್ರೆ ಎಲ್ಲಾ ಬರೀ ದೂರು ಅಂತ ಆಗ್ತದೆ. ನಾನು ಹೊರಗೆ ಇರುವವ, ಜಾಗ ಮಂಗಳೂರು ತಾಲೂಕಲ್ಲಿ. ಮೊದಲು ಪಹಣಿ ಬೇಕಾದ್ರೆ ಮಾವನಿಗೆ ಫೋನ್ ಮಾಡ್ಬೇಕು, ಅವರು ಗ್ರಾಮ ಲೆಕ್ಕಿಗರನ್ನ ಹುಡ್ಕಿಕೊಂಡು ಹೋಗ್ಬೇಕು, ಅವರು ಆ ದಿನ ಬೇರೆ ಗ್ರಾಮದಲ್ಲಿ ಇದ್ರೆ ಮತ್ತೆ ನಾಳೆ. ಈಗ ರಾತ್ರಿ ಡ್ಯೂಟಿ ಮುಗ್ಸಿ ಬಂದು ಮೊಬೈಲಲ್ಲಿ ಪಹಣಿ ನೋಡ್ತೇನೆ, ಋಣಭಾರ ತೆಗೀತೇನೆ, ನನ್ನ ಜಾಗದ ಮೇಲೆ ಯಾರಾದ್ರೂ ಎಂತಾದ್ರೂ ಮಾಡಿದ್ದಾರಾ ಅಂತ ಧೈರ್ಯ ಬರ್ತದೆ. ದೂರ ಇರುವವನಿಗೆ ಇದರ ಬೆಲೆ ಎಷ್ಟು ಅಂತ ಊರಲ್ಲಿ ಇರುವವರಿಗೆ ಗೊತ್ತಾಗುದು ಕಷ್ಟ.

ಆದ್ರೆ ಆಧಾರ್ ಒಟಿಪಿ ಬಂದಲ್ಲಿ ಎಲ್ಲಾ ನಿಂತು ಹೋಗ್ತದೆ. ಊರಿನ ಸಿಮ್‌ಗೆ ರೀಚಾರ್ಜ್ ಇಲ್ಲದೆ ನಂಬರ್ ಹೋಯ್ತು, ಆಧಾರಲ್ಲಿ ಅದೇ ನಂಬರ್ ಉಂಟು, ದೂರದಿಂದ ಅದನ್ನ ಬದಲಾಯಿಸುದು ಕಷ್ಟ. ಗಲ್ಫಲ್ಲಿ ನನ್ನ ಹಾಗೆ ಇರುವವರು ತುಂಬಾ ಜನ, ಇದಕ್ಕೊಂದು ದಾರಿ ಮಾಡಿ ಕೊಟ್ರೆ ದೊಡ್ಡ ಉಪಕಾರ.

ನಿವೃತ್ತ_ಲೆಕ್ಕಿಗ

ಅಂಗಡಿಯವರು ಬರ್ದದ್ದು ಸರಿ ಉಂಟು. ಒಳಗಿನಿಂದ ನೋಡಿದವನಾಗಿ ಸ್ವಲ್ಪ ಉದ್ದ ಬರೀತೇನೆ, ತಾಳ್ಮೆ ಇದ್ದವರು ಓದಿ.

ಪಹಣಿಯನ್ನ ಕಂಪ್ಯೂಟರಿಗೆ ಹಾಕಿದ ಭೂಮಿ ಯೋಜನೆ ಬರುವ ಮೊದಲು ರಾಜ್ಯದಲ್ಲಿ ಸುಮಾರು 9000 ಗ್ರಾಮ ಲೆಕ್ಕಿಗರು, ಒಬ್ಬೊಬ್ರ ಕೈಯಲ್ಲಿ ಮೂರು ನಾಲ್ಕು ಗ್ರಾಮದ ಪುಸ್ತಕ. ಪಹಣಿ ಅಂದ್ರೆ ಲೆಕ್ಕಿಗ ಬರ್ದದ್ದು, ಅವನ ಕೈಬರಹವೇ ಕಾನೂನು ಅನ್ನುವ ಹಾಗೆ ಇತ್ತು, ಅದರ ದುರುಪಯೋಗ ಆಗಿದೆ, ನಾನು ಇಲ್ಲ ಅಂತ ಹೇಳುದಿಲ್ಲ. 2000ದ ಹೊತ್ತಿಗೆ ಇದನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ರು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿ ಅಂದ್ರೆ ಸಣ್ಣ ಕೆಲಸವಾ? ಕೈಬರಹದ ಪಹಣಿ ನಡೆಯುದಿಲ್ಲ ಅಂತ ಮಾಡಿದ್ರು, ತಾಲೂಕು ಕೇಂದ್ರದಲ್ಲಿ 15 ರೂಪಾಯಿ ಕೊಟ್ರೆ ಯಾರಿಗೆ ಬೇಕಾದ್ರೂ ಪ್ರಿಂಟ್. ಮ್ಯುಟೇಷನ್ (ಪಹಣಿಯಲ್ಲಿ ಮಾಲೀಕರ ಹೆಸರು ಬದಲಾಯಿಸುವ) ಅರ್ಜಿ ಮೊದಲು ಬಂದದ್ದು ಮೊದಲು ಅನ್ನುವ ಕ್ರಮದಲ್ಲೇ ಹೋಗ್ಬೇಕು, ನಡುವೆ ಯಾರನ್ನೂ ನುಗ್ಸಲಿಕ್ಕೆ ಆಗದ ಹಾಗೆ ಸಾಫ್ಟ್‌ವೇರ್ ಮಾಡಿದ್ರು, ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗ್ಬೇಕು. ದೇಶವೇ ನೋಡಿದ ಕೆಲಸ ಅದು.

ಆದ್ರೆ ಡಾಟಾ ಎಂಟ್ರಿ ಮಾಡಿದ್ದು ಹೊರಗಿನ ಏಜೆನ್ಸಿಯ ಹುಡುಗ್ರು. ಅವರು ಟೈಪ್ ಮಾಡ್ತಾರೆ, ಪ್ರಿಂಟ್ ನಮಗೆ ಬರ್ತದೆ, ನಾವು ಪುಸ್ತಕದ ಜೊತೆ ತಾಳೆ ನೋಡಿ ಕೆಂಪು ಶಾಯಿಯಲ್ಲಿ ತಿದ್ದಿ ಕೊಡ್ಬೇಕು. ಬಯಲುಸೀಮೆಯ ಹೊಲದ ಹಾಗಲ್ಲ ನಮ್ಮ ಜಿಲ್ಲೆ. ಇಲ್ಲಿ 1956ರ ತನಕ ಮದ್ರಾಸಿನ ಆಡಳಿತ, ನಮ್ಮ ದಾಖಲೆ ಅಡಂಗಲ್ (ಗ್ರಾಮದ ಜಾಗ, ಬೆಳೆಯ ಹಳೆ ಪುಸ್ತಕ), ವರ್ಗ, ಕುಮ್ಕಿ, ಮೂಲಗೇಣಿ ಅಂತ ಬೇರೆಯೇ ಲೆಕ್ಕ. ಆಮೇಲೆ 1974ರ ಭೂ ಸುಧಾರಣೆ ಬಂತು, ಡಿಕ್ಲರೇಷನ್‌ನಲ್ಲಿ ಅಂದ್ರೆ ಗೇಣಿದಾರರು ಕೊಟ್ಟ ಅರ್ಜಿಯಲ್ಲಿ, ಒಕ್ಕಲಿಗೆ ಜಾಗ ಬಂತು, ಒಂದೇ ಸರ್ವೆ ನಂಬರ್ ಹತ್ತಾರು ತುಂಡು ಆಯ್ತು, ಎಷ್ಟೋ ಕಡೆ ಅಳತೆ ಆಗದೆ ಪೈಕಿ ಅಂತಲೇ ಉಳೀತು. ಇವತ್ತಿಗೂ ಪಹಣಿಯಲ್ಲಿ ಪಿ1 ಪಿ2 ಅಂತ ಬರುದು ಅದೇ. ಇದನ್ನೆಲ್ಲ ಗೊತ್ತಿಲ್ಲದವರು ಟೈಪ್ ಮಾಡುವಾಗ ಬಿನ್ (ಇಂಥವರ ಮಗ) ಇದ್ದಲ್ಲಿ ಕೋಂ (ಇಂಥವರ ಹೆಂಡತಿ), ಸೆಂಟ್ಸ್ ಇದ್ದಲ್ಲಿ ಗುಂಟೆ, ಕುಟುಂಬದ ಯಜಮಾನನ ಹೆಸರು ಒಂದೇ ಬಂದು ಉಳಿದವರದ್ದು ಬಿಟ್ಟು ಹೋದದ್ದು, ಎಲ್ಲಾ ಆಯ್ತು. ನಮಗೆ ತಾಳೆ ನೋಡ್ಲಿಕ್ಕೆ ಕೊಟ್ಟ ಸಮಯವೂ ಅಷ್ಟಕ್ಕಷ್ಟೇ, ಅದರ ಮಧ್ಯ ಚುನಾವಣೆ ಕೆಲಸ, ಬೆಳೆ ಲೆಕ್ಕ, ನೆರೆ ಬಂದ್ರೆ ಅದು.

ಆಗ ಆದದ್ದನ್ನ ಈಗ ಸರಿ ಮಾಡ್ಲಿಕ್ಕೆ ಮಾಲೀಕ ಸಾಕ್ಷಿ ತರ್ಬೇಕು ಅಂತ ಹೇಳುದು ನನಗೆ ನೋವು ಕೊಡುವ ವಿಷಯ. ಮೂಲ ಪುಸ್ತಕ ಇಲಾಖೆಯ ರೆಕಾರ್ಡ್ ರೂಮಲ್ಲೇ ಉಂಟು.

ಬೀಡಿ_ಬ್ರಾಂಚ್

ನನ್ನ ಅಮ್ಮ ಜೀವನಪೂರ್ತಿ ಬೀಡಿ ಕಟ್ಟಿದವರು. ಎಲೆ ಕತ್ತರಿಸಿ, ಸುರುಳಿ ಸುತ್ತಿ, ನೂಲು ಎಳೆದು, ತುದಿ ಮಡಚಿ, ಹೆಬ್ಬೆರಳು ತೋರು ಬೆರಳಿನ ಗೆರೆ ಪೂರಾ ಸವೆದು ನುಣ್ಣಗೆ ಆಗಿದೆ. ರೇಷನ್ ಅಂಗಡಿಯಲ್ಲಿ ಮಿಷನ್ ಮೇಲೆ ಬೆರಳು ಇಟ್ರೆ ಕೆಂಪು ಲೈಟು. ಬಟ್ಟೆಯಲ್ಲಿ ಒರೆಸಿ ಇಡಿ ಹೇಳ್ತಾರೆ, ಆ ಬೆರಳು ಬೇಡ ಈ ಬೆರಳು ಹೇಳ್ತಾರೆ, ಹಿಂದೆ ಕ್ಯೂ ನಿಂತವರು ಅವಸರ ಮಾಡ್ತಾರೆ, ಅಮ್ಮನಿಗೆ ಅಳುವೇ ಬರ್ತದೆ. ಬೆರಳು ಬರ್ಲಿಲ್ಲ ಅಂತ ಅಕ್ಕಿ ಕೊಡದೆ ವಾಪಸ್ ಕಳಿಸ್ಬಾರ್ದು ಅಂತ ಕೇಂದ್ರದ ಆಹಾರ ಇಲಾಖೆ 2017ರಲ್ಲೇ ರಾಜ್ಯಗಳಿಗೆ ಬರ್ದಿದೆ. ಅದು ಕೌಂಟರಲ್ಲಿ ಕೂತವರಿಗೆ ಯಾರು ಹೇಳುದು?

ಪಿಎಫ್ ಪಿಂಚಣಿಗೆ ವರ್ಷಕ್ಕೊಮ್ಮೆ ಜೀವನ ಪ್ರಮಾಣ, ಅಂದ್ರೆ ಬದುಕಿದ್ದೇನೆ ಅನ್ನುವ ದಾಖಲೆ, ಕೊಡ್ಲಿಕ್ಕುಂಟು. ಅಮ್ಮನಿಗೆ ಬರುದು ತಿಂಗಳಿಗೆ ಕನಿಷ್ಠ ಪಿಂಚಣಿ 1000 ರೂಪಾಯಿ, ಅದಕ್ಕೂ ಬೆರಳು. ಈಗ ಮುಖ ತೋರಿಸಿ ಮಾಡುವ ವ್ಯವಸ್ಥೆ ಬಂದಿದೆ ಅಂತ ಗೊತ್ತಾಗಿ ನನ್ನ ಮೊಬೈಲಲ್ಲೇ ಮಾಡಿದೆ, ಸಲೀಸಾಗಿ ಆಯ್ತು, ಅಮ್ಮ ಅಂಗಳದಲ್ಲಿ ಕೂತ್ಕೊಂಡೇ ಮುಗೀತು. ಪೋಸ್ಟ್‌ಮ್ಯಾನ್ ಮನೆಗೆ ಬಂದು ಮಾಡುವ ಸೌಲಭ್ಯವೂ ಉಂಟು. ಅಂದ್ರೆ ದಾರಿ ಇಲ್ಲ ಅಂತಲ್ಲ, ದಾರಿ ಉಂಟು ಅಂತ ಬೇಕಾದವರಿಗೆ ಯಾರೂ ಹೇಳುದಿಲ್ಲ. ದಕ್ಷಿಣ ಕನ್ನಡ, ಉಡುಪಿ ಎರಡರಲ್ಲೂ ಬೀಡಿ ಕಟ್ಟಿ ಮಕ್ಕಳನ್ನ ಓದ್ಸಿದ ಹೆಂಗಸರು ಎಷ್ಟು ಜನ ಇದ್ದಾರೆ ಅಂತ ಈ ಮಿಷನ್ ಆಯ್ಕೆ ಮಾಡಿದವರಿಗೆ ಗೊತ್ತಿದ್ದಿದ್ರೆ ಮೊದಲೇ ಯೋಚನೆ ಮಾಡ್ತಿದ್ರು.

ಕೋಡಿ_ಕುಂದಾಪ್ರ

ನಮ್ ಬದಿಯಂಗೂ ಅದೇ ಕಥಿ ಮಾರಾಯ್ರೆ. ನಮ್ಮಪ್ಪಯ್ಯ ಮೀನಿಗ್ ಹೋಪರ್, ಬಲಿ ಎಳ್ದ್ ಎಳ್ದ್ ಬೆರ್ಳೆಲ್ಲ ಹಾಳಾಯ್ತ್. ಈ ಮುಖದ್ ವಿಷಯ ನಂಗ್ ಗೊತ್ತಿರ್ಲಿಲ್ಲ, ನಾಳೆಯೇ ಕಾಣ್ತೆ. ಉಪಕಾರ ಆಯ್ತ್.

ಕೋಡ್_ಕೊಟ್ಟಾರ

ನಾನು ಸಾಫ್ಟ್‌ವೇರ್ ಕೆಲಸದವ, ತಾಂತ್ರಿಕ ಕಡೆಯಿಂದ ಒಂದೆರಡು ವಿಷಯ.

ಅಂಗಡಿಯವರು ಕೇಳಿದ್ದು ಆಗದ ವಿಷಯ ಅಲ್ಲ. ಎಸ್ಟೋನಿಯಾ ಅಂತ ಒಂದು ದೇಶ, ಜನಸಂಖ್ಯೆ 13 ಲಕ್ಷದ ಆಸುಪಾಸು. ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಒಂದರಲ್ಲೇ 2011ರ ಜನಗಣತಿಯಲ್ಲಿ ಸುಮಾರು 21 ಲಕ್ಷ. ಅವರು 2001ರಲ್ಲಿ ಎಕ್ಸ್-ರೋಡ್ ಅಂತ ಶುರು ಮಾಡಿದ್ರು. ಎಲ್ಲಾ ಇಲಾಖೆಯ ಡಾಟಾ ಅವರವರ ಹತ್ರವೇ ಇರ್ತದೆ, ಒಂದು ಇಲಾಖೆಗೆ ಬೇಕಾದಾಗ ಇನ್ನೊಂದರಿಂದ ಸುರಕ್ಷಿತವಾಗಿ ಕೇಳಿ ತಗೊಳ್ತದೆ, ಯಾರು ನೋಡಿದ್ರು ಅಂತ ದಾಖಲೆ ಉಳೀತದೆ. ಒಮ್ಮೆ ಕೊಟ್ಟ ಮಾಹಿತಿಯನ್ನ ಪುನಃ ಕೇಳುವ ಹಾಗಿಲ್ಲ ಅನ್ನುದು ಅಲ್ಲಿಯ ನಿಯಮ. ನಮ್ಮ ಭೂಮಿ ಯೋಜನೆಯೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಬಂದದ್ದು, ನಾವು ಹಿಂದೆ ಇರ್ಲಿಲ್ಲ. ಭೂಮಿ, ಕಾವೇರಿ, ಮೋಜಿಣಿ, ಇ-ಸ್ವತ್ತು, ಇ-ಆಸ್ತಿ, ಸೇವಾಸಿಂಧು ಅಂತ ಎಲ್ಲಾ ಬೇರೆ ಬೇರೆ ಇಲಾಖೆ ಬೇರೆ ಬೇರೆ ವರ್ಷ ಮಾಡಿದ್ದು. ಕೆಲವು ಒಂದಕ್ಕೊಂದು ಮಾತಾಡ್ತವೆ, ರಿಜಿಸ್ಟ್ರೇಷನ್ ಆದ್ರೆ ಕಾವೇರಿಯಿಂದ ಭೂಮಿಗೆ ಮ್ಯುಟೇಷನ್‌ಗೆ ತನ್ನಿಂತಾನೇ ಹೋಗ್ತದೆ, ಅದು ಚಂದ ಕೆಲಸ ಮಾಡ್ತದೆ. ಮಾತಾಡದೆ ಇರುವ ಕಡೆ ಆ ಕೆಲಸಕ್ಕೆ ಮನುಷ್ಯ ಓಡ್ತಾನೆ.

ಕಾನೂನಲ್ಲೂ ಒಂದು ತೊಡಕುಂಟು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಎಲೆಕ್ಟ್ರಾನಿಕ್ ದಾಖಲೆಗೆ ಮಾನ್ಯತೆ ಕೊಡ್ತದೆ, ಸರಿ. ಅದೇ ಕಾಯ್ದೆಯ 9ನೇ ಸೆಕ್ಷನ್ ಹೇಳ್ತದೆ, ಎಲೆಕ್ಟ್ರಾನಿಕ್ ರೂಪದಲ್ಲೇ ತಗೊಳ್ಳಿ ಅಂತ ಸರ್ಕಾರಿ ಕಚೇರಿಯನ್ನ ಒತ್ತಾಯ ಮಾಡುವ ಹಕ್ಕು ನಮಗೆ ಇಲ್ಲ ಅಂತ. ಡಿಜಿಲಾಕರಲ್ಲಿ ಇಲಾಖೆಯೇ ಕೊಟ್ಟ ದಾಖಲೆ ಮೂಲ ಪ್ರತಿಗೆ ಸಮ ಅಂತ ನಿಯಮ ಉಂಟು, ಆದ್ರೂ ಕೌಂಟರಲ್ಲಿ ಬೇಡ ಅಂದ್ರೆ ನಾವು ಮುಂದೆ ಎಂತ ಮಾಡುದು?

ಅಡಿಕೆ_ತೋಟ_ಕಾರ್ಕಳ

ಒಂದು ಕಡೆ ಸರಿಯಾಗಿ ಆದದ್ದು ನಾನು ನೋಡಿದ್ದೇನೆ, ರೈತರಿಗೆ ಕೊಡುವ ನೋಂದಣಿ ನಂಬರ್, ಫ್ರೂಟ್ಸ್ ಐಡಿ. ಒಮ್ಮೆ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಕೊಟ್ಟು ನೋಂದಣಿ ಮಾಡಿದ್ರೆ ಕೃಷಿ ಇಲಾಖೆ ಇರ್ಲಿ ತೋಟಗಾರಿಕೆ ಇರ್ಲಿ ಆ ನಂಬರ್ ಹೇಳಿದ್ರೆ ಸಾಕು, ಜಾಗದ ವಿವರ ಅವರ ಸ್ಕ್ರೀನಲ್ಲೇ ಬರ್ತದೆ. ಮಳೆಗಾಲದ ಶುರುವಿಗೆ ಅಡಿಕೆ ಕಾಳುಮೆಣಸಿನ ಹವಾಮಾನ ವಿಮೆ ಕಟ್ಟಲಿಕ್ಕೆ ಸೊಸೈಟಿಗೆ ಹೋದ್ರೆ ಮೊದಲಿನ ಹಾಗೆ ಕಟ್ಟು ಕಟ್ಟು ಜೆರಾಕ್ಸ್ ಇಲ್ಲ.

ತೊಂದ್ರೆ ಬರುದು ಬೆಳೆ ಸಮೀಕ್ಷೆಯಲ್ಲಿ. ತೋಟದಲ್ಲಿ ಅಡಿಕೆ ಉಂಟು, ಅದರ ಮೇಲೆ ಮೆಣಸಿನ ಬಳ್ಳಿ ಉಂಟು, ನಡುವೆ ಬಾಳೆ, ಅಂಚಿಗೆ ತೆಂಗು. ಸಮೀಕ್ಷೆಗೆ ಬಂದವ ಒಂದು ಫೋಟೋ ತೆಗೆದು ಅಡಿಕೆ ಅಂತ ಮಾತ್ರ ಹಾಕಿ ಹೋದ್ರೆ ಮೆಣಸಿನ ವಿಮೆಗೆ ತಾಳೆ ಆಗುದಿಲ್ಲ, ಪರಿಹಾರದ ಹೊತ್ತಲ್ಲಿ ಗೊತ್ತಾಗ್ತದೆ. ರೈತರೇ ಮೊಬೈಲ್ ಆಪಲ್ಲಿ ಹಾಕ್ಬಹುದು, ಆಕ್ಷೇಪ ಹಾಕ್ಲಿಕ್ಕೂ ಅವಕಾಶ ಉಂಟು, ಆದ್ರೆ ಘಟ್ಟದ ಬುಡದಲ್ಲಿ ತೋಟದೊಳಗೆ ನೆಟ್‌ವರ್ಕ್ ಬರ್ಬೇಕಲ್ಲ. ದಯವಿಟ್ಟು ಇದನ್ನ ಓದಿದ ಅಡಿಕೆ ಬೆಳೆಗಾರರು ನಿಮ್ಮ ಪಹಣಿಯ ಬೆಳೆ ಕಾಲಂ ಒಮ್ಮೆ ಈಗಲೇ ನೋಡಿ ಇಟ್ಕೊಳ್ಳಿ, ಕೊಳೆರೋಗ ಬಂದ ಮೇಲೆ ನೋಡುದಲ್ಲ.

ಪಡೀಲ್_ಕ್ರಾಸ್

ಎಲ್ಲರೂ ಸಾಫ್ಟ್‌ವೇರ್ ಬಗ್ಗೆ ಮಾತಾಡ್ತಿದ್ದೀರಿ, ನನಗೆ ಹಾಗೆ ಕಾಣುದಿಲ್ಲ. ಹಾರ್ಡ್ ಕಾಪಿ ಕೇಳುದು ಕಾಗದ ಬೇಕಂತ ಅಲ್ಲ, ಮನುಷ್ಯ ಎದುರು ಬರ್ಬೇಕು ಅಂತ. ಬಂದ್ರೆ ತಾನೇ ಮಾತುಕತೆ. ಇಲ್ಲದಿದ್ರೆ ಬ್ರೋಕರ್ ಹಾಕಿದ ಅರ್ಜಿ ಸಲೀಸಾಗಿ ಹೋಗಿ ನಾನು ಹಾಕಿದ್ದು ಯಾಕೆ ತಡೆದು ನಿಲ್ತದೆ, ಇಬ್ರೂ ಹಾಕುದು ಒಂದೇ ಪೋರ್ಟಲಲ್ಲಿ ಅಲ್ವಾ? 2025ರಲ್ಲಿ ಜಿಲ್ಲಾಧಿಕಾರಿ ಕಚೇರಿ ಮಂಗಳೂರಿನ ಪಡೀಲಿನ ಪ್ರಜಾಸೌಧಕ್ಕೆ ಬಂತು, ಕಟ್ಟಡ ಚಂದ ಉಂಟು, ನನಗೆ ಮನೆ ಹತ್ರ ಆಯ್ತು. ಸುಳ್ಯ, ಕಡಬ, ಬೆಳ್ತಂಗಡಿಯಿಂದ ಬಸ್ಸಲ್ಲಿ ಬರುವವರು ಒಂದು ಸಹಿಗೆ ಅಲ್ಲಿಗೆ ಬರ್ಬೇಕಾಗುದೇ ಇರ್ಬಾರ್ದು, ಆಗ ಡಿಜಿಟಲ್ ಅಂತ ನಾನು ಒಪ್ತೇನೆ.

ಇನ್ನೊಂದು, ಎಲ್ಲಾ ಒಂದಕ್ಕೊಂದು ಜೋಡಿಸಿ ಅಂತ ಹೇಳುವವರಿಗೆ. 2025ರ ಆರಂಭದಲ್ಲಿ ಕಾವೇರಿ 2.0 ಮೇಲೆ ಸೈಬರ್ ದಾಳಿ ಆಗಿ ರಾಜ್ಯದಲ್ಲೆಲ್ಲ ರಿಜಿಸ್ಟ್ರೇಷನ್ ಕೆಟ್ಟು ಕೂತಿತ್ತಲ್ಲ. ಜಾಗ ಮಾರಿ ಮಗಳ ಮದುವೆ ಮಾಡ್ಲಿಕ್ಕೆ ಇರುವವನಿಗೆ ಆ ದಿನಗಳು ಹೇಗೆ ಹೋಗಿರ್ಬಹುದು?

ಕೋಡ್_ಕೊಟ್ಟಾರ

ಪಡೀಲ್ ಅವರೇ, ಆ ಮಾತು ಒಪ್ಪಿದೆ. ಸಿಸ್ಟಂ ಬಿದ್ರೆ ಕೈಯಲ್ಲಿ ಅರ್ಜಿ ತಗೊಂಡು ದಿನಾಂಕ ಹಾಕಿ ರಶೀದಿ ಕೊಡುವ ವ್ಯವಸ್ಥೆ ಪಕ್ಕದಲ್ಲೇ ಇರ್ಬೇಕು, ಆ ದಿನಾಂಕವೇ ಲೆಕ್ಕಕ್ಕೆ ಬರ್ಬೇಕು. ಮಳೆಗಾಲದಲ್ಲಿ ಕರೆಂಟು ಹೋಗುದು ನಮಗೆ ಹೊಸತಾ?

ಕಾಪು_ಕಡಲು

ಎಲ್ಲರೂ ಇಷ್ಟು ಬರ್ದದ್ದು ಖುಷಿ ಆಯ್ತು. ಪಡೀಲ್ ಅವರು ಹೇಳಿದ್ದು ಕೆಲವು ಕಡೆ ನಿಜ, ಆದ್ರೆ ಎಲ್ಲಾ ಕಡೆ ಅಲ್ಲ. ನನ್ನ ಅಂಗಡಿಗೆ ಟೀ ಕುಡೀಲಿಕ್ಕೆ ಬರುವ ಕೇಸ್ ವರ್ಕರ್‌ಗಳು ಹೇಳುದು ಬೇರೆ. ಮೇಲಿನವರು ಪೇಪರ್ ಫೈಲ್ ಕೇಳ್ತಾರೆ, ಆಡಿಟಿನವರು ಪೇಪರ್ ಕೇಳ್ತಾರೆ, ಕೋರ್ಟಿಗೆ ಹೋದ್ರೆ ಪೇಪರ್ ಬೇಕು. ಸ್ಕ್ರೀನಲ್ಲಿ ಕಂಡದ್ದಕ್ಕೆ ಸೈನ್ ಹಾಕಿ ನಾಳೆ ತಪ್ಪಾದ್ರೆ ಅವರ ತಲೆಗೇ ಬರ್ತದೆ, ಹಾಗಾಗಿ ಕಾಗದ ಇಟ್ಕೊಳ್ತಾರೆ. ಒಬ್ರ ಕೈಯಲ್ಲಿ ಎರಡು ಮೂರು ಜನರ ಕೆಲಸ. ಅವರ ಮೇಲೆ ಸಿಟ್ಟು ಮಾಡಿ ಆಗುದೆಂತ.

ಸಿಟ್ಟು ಬರುದು ಸಕಾಲದ ವಿಷಯದಲ್ಲಿ. 2012ರಲ್ಲಿ ಬರುವಾಗ ಎಷ್ಟು ಒಳ್ಳೆ ಕಾನೂನು ಅಂತ ಎಲ್ಲರೂ ಹೇಳಿದ್ರು, ಇವತ್ತಿಗೂ ಒಳ್ಳೆ ಕಾನೂನೇ. ಅರ್ಜಿಗೆ ನಂಬರ್ ಬರ್ತದೆ, ಇಷ್ಟು ದಿನದೊಳಗೆ ಕೊಡ್ಬೇಕು ಅಂತ ಉಂಟು, ತಡ ಆದ್ರೆ ದಿನಕ್ಕೆ 20 ರೂಪಾಯಿ, ಹೆಚ್ಚಂದ್ರೆ 500 ರೂಪಾಯಿ ಪರಿಹಾರ ಕೇಳ್ಬಹುದು. ಆದ್ರೆ ಅವಧಿ ಮುಗಿಯುವ ಕೊನೆಗೆ ಒಂದು ದಾಖಲೆ ಕಮ್ಮಿ ಉಂಟು ಅಂತ ಅರ್ಜಿ ತಿರಸ್ಕಾರ ಮಾಡಿದ್ರೆ ಲೆಕ್ಕದಲ್ಲಿ ಅದು ವಿಲೇವಾರಿ. ಪಾಪ ಜನರಿಗೆ ಅದು ಗೊತ್ತಾಗುದಿಲ್ಲ, ಹೊಸ ಅರ್ಜಿ ಹೊಸ ಶುಲ್ಕ ಕಟ್ಟಿ ಮೊದಲಿಂದ ಶುರು ಮಾಡ್ತಾರೆ. ತಿರಸ್ಕಾರ ಆದ್ರೂ ಮೇಲ್ಮನವಿ ಹಾಕ್ಲಿಕ್ಕೆ ಹಕ್ಕುಂಟು ಅಂತ ನಾನು ಬಂದವರಿಗೆಲ್ಲ ಹೇಳ್ತೇನೆ, ಹಾಕುವವರು ತುಂಬಾ ಕಮ್ಮಿ. ಯಾರತ್ರ ಇಂಥ ಹಿಂಬರಹ ಉಂಟಾ, ಹೆಸರು ಆಧಾರ್ ನಂಬರ್ ಎಲ್ಲಾ ಮುಚ್ಚಿ, ಕಾರಣ ಬರ್ದ ಸಾಲು ಮಾತ್ರ ಇಲ್ಲಿ ಹಾಕಿ. ಇಲಾಖೆಯ ಹತ್ರವೇ ಇರುವ ದಾಖಲೆಯನ್ನ ತನ್ನಿ ಅಂತ ಎಷ್ಟು ಕಡೆ ಕೇಳಿದ್ದಾರೆ ಅಂತ ಒಟ್ಟು ಮಾಡಿ ಎರಡೂ ಜಿಲ್ಲೆಯ ಜಿಲ್ಲಾಧಿಕಾರಿಗಳಿಗೆ ಕೊಡುವ. ನಾನು ಟೈಪ್ ಮಾಡ್ತೇನೆ.

ನಿವೃತ್ತ_ಲೆಕ್ಕಿಗ

ಒಳ್ಳೆ ಕೆಲಸ, ನಾನೂ ಸೇರ್ತೇನೆ. ಪಹಣಿಯಲ್ಲಿ ಹೆಸರು, ವಿಸ್ತೀರ್ಣ ತಪ್ಪಿರುವವರಿಗೆ ಒಂದು ಮಾತು. ತಿದ್ದುಪಡಿ ಅರ್ಜಿ ಹಾಕುವ ಮೊದಲು ಗಣಕೀಕರಣಕ್ಕಿಂತ ಹಿಂದಿನ ಕೈಬರಹದ ಪಹಣಿಯ ದೃಢೀಕೃತ ನಕಲು ತಗೊಳ್ಳಿ, ಅದು ತಾಲೂಕು ಕಚೇರಿಯ ರೆಕಾರ್ಡ್ ರೂಮಲ್ಲಿ ಸಿಗ್ತದೆ. ಕೈಬರಹದಲ್ಲಿ ಸರಿ ಇದ್ದು ಕಂಪ್ಯೂಟರಲ್ಲಿ ಮಾತ್ರ ತಪ್ಪಿದ್ರೆ ಕೇಸು ತುಂಬಾ ಸುಲಭ. ಡಿಕ್ಲರೇಷನ್ ಜಾಗ ಆದ್ರೆ ಭೂ ನ್ಯಾಯಮಂಡಳಿಯ (ಟ್ರಿಬ್ಯೂನಲ್) ಆದೇಶದ ನಕಲೂ ಬೇಕು. ಕಾಪು, ಬ್ರಹ್ಮಾವರ, ಬೈಂದೂರು, ಹೆಬ್ರಿ ಹೊಸ ತಾಲೂಕು ಆದ ಕಾರಣ ನಿಮ್ಮ ಗ್ರಾಮದ ಹಳೆ ಕಡತ ಹಳೆ ತಾಲೂಕಲ್ಲೇ ಉಳಿದಿರ್ಬಹುದು, ಎರಡೂ ಕಡೆ ವಿಚಾರಿಸಿ.

ಈಗ ಭೂ ಸುರಕ್ಷಾ ಅಂತ ರೆಕಾರ್ಡ್ ರೂಮಿನ ಕಡತ ಒಂದೊಂದೇ ಪುಟ ಸ್ಕ್ಯಾನ್ ಮಾಡ್ತಿದ್ದಾರೆ. ಅದು ಇಪ್ಪತ್ತೈದು ವರ್ಷ ಮೊದಲೇ ಆಗ್ಬೇಕಿದ್ದ ಕೆಲಸ, ಈಗಲಾದ್ರೂ ಆಗ್ತಿದೆ. ಕೆಲವು ಪುಸ್ತಕಕ್ಕೆ ಒರಲೆ ಹಿಡಿದಿದೆ, ಕೆಲವು ಮಳೆನೀರಿಗೆ ಅಂಟಿಕೊಂಡು ಕೈ ಹಾಕಿದ್ರೆ ಹರೀತದೆ, ನಾನೇ ನೋಡಿದ್ದೇನೆ. ಪುಟದ ಫೋಟೋ ತೆಗೆದ್ರೆ ಮಾತ್ರ ಸಾಲುದಿಲ್ಲ, ಸರ್ವೆ ನಂಬರ್, ಹಿಸ್ಸೆ, ವರ್ಷ ಮೂರೂ ಸರಿಯಾಗಿ ಇಂಡೆಕ್ಸ್ ಮಾಡ್ಬೇಕು, ಇಲ್ಲದಿದ್ರೆ ಕಂಪ್ಯೂಟರಿನ ಒಳಗೇ ಕಡತ ಕಳ್ಕೊಂಡ ಹಾಗೆ. ಹಳೆ ಕೈಬರಹ, ಅಡಂಗಲ್ ಓದ್ಲಿಕ್ಕೆ ಬರುವವರು ಈಗ ಕಚೇರಿಗಳಲ್ಲಿ ಹೆಚ್ಚು ಉಳಿದಿಲ್ಲ. ನಮ್ಮ ಹಾಗೆ ನಿವೃತ್ತರಾದವರನ್ನ ಕರೆದ್ರೆ ಕೂತು ಓದಿ ಕೊಡ್ತೇವೆ, ಸಂಬಳದ ಪ್ರಶ್ನೆ ಇಲ್ಲ. ಅದನ್ನೂ ಆ ಮನವಿಯಲ್ಲಿ ಒಂದು ಸಾಲು ಸೇರ್ಸಿ.

ಬೀಡಿ_ಬ್ರಾಂಚ್

ರೇಷನ್ ಬೆರಳಿನ ವಿಷಯವೂ ಸೇರ್ಸಿ. 2017ರ ಪತ್ರದ ಸಾರಾಂಶ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರ್ದು ಪ್ರತಿ ನ್ಯಾಯಬೆಲೆ ಅಂಗಡಿಯ ಗೋಡೆಗೆ ಅಂಟಿಸ್ಲಿ, ಅಷ್ಟು ಸಾಕು. ಅನುವಾದ ನಾನು ಇವತ್ತು ರಾತ್ರಿ ಮಾಡಿ ಇಲ್ಲಿ ಹಾಕ್ತೇನೆ.